ಹಾಲು ಕರೆಯುವ ಹೊತ್ತು, ಕರೆಂಟಿನ ಹೊತ್ತು

(ಯಲಹಂಕ ಭಾಗದ ಹಾಲು ಉತ್ಪಾದಕರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪಶುವೈದ್ಯರು ಬಂದರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣದ ವಿಷಯ ಹೇಳುವುದು ವಾಡಿಕೆ. ಇಂದು ನಾನು ಕರೆಂಟಿನ ವಿಷಯ ಹೇಳಬೇಕೆಂದಿದ್ದೇನೆ. ಇದಕ್ಕೂ ಹಸುವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಇದೆ. ಕ್ಯಾನು ತೊಳೆಯಲು ಬಿಸಿನೀರು, ಕುಡಿಯುವ ತೊಟ್ಟಿಗೆ ನೀರು, ಮೇವು ಕತ್ತರಿಸುವ ಯಂತ್ರ, ಇವೆಲ್ಲ ಕರೆಂಟಿನಿಂದಲೇ ನಡೆಯುತ್ತವೆ. ಹೈನುಗಾರಿಕೆಯ ಖರ್ಚಿನಲ್ಲಿ ಹಿಂಡಿ, ಬೂಸಾ ಲೆಕ್ಕ ಬರೆಯುವವರು ಕರೆಂಟಿನ ಲೆಕ್ಕ ಬರೆಯುವುದಿಲ್ಲ.

ಕರೆಂಟಿಗೆ ಎಲ್ಲ ಹೊತ್ತಿನಲ್ಲೂ ಒಂದೇ ಬೆಲೆ ಬೀಳುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಡೀ ನಾಡು ಒಟ್ಟಿಗೆ ಸ್ವಿಚ್ ಹಾಕುತ್ತದೆ. ಆಗಿನ ಬೇಡಿಕೆ ಪೂರೈಸಲು ದುಬಾರಿ ವಿದ್ಯುತ್ ಬೇಕಾಗುತ್ತದೆ. ನಮ್ಮ ಯಲಹಂಕದಲ್ಲೇ 1990ರ ದಶಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಡೀಸೆಲ್ ಸ್ಥಾವರ ಆರಂಭವಾಯಿತು. ಡೀಸೆಲ್ ಸುಟ್ಟು ಕರೆಂಟು ತೆಗೆಯುವುದು ಎಷ್ಟು ದುಬಾರಿ ಎಂಬುದು ಟ್ರ್ಯಾಕ್ಟರ್ ಇಟ್ಟವರಿಗೆ ಗೊತ್ತು. ಆ ಸ್ಥಾವರ ನಿಂತು, ಯಲಹಂಕದಲ್ಲೇ 370 ಮೆಗಾವಾಟ್‌ನ ಅನಿಲ ಸ್ಥಾವರ 2024ರಲ್ಲಿ ಉದ್ಘಾಟನೆಯಾಯಿತು. ಇನ್ನೊಂದು ಕಡೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರ ಜಮೀನು ಗುತ್ತಿಗೆಗೆ ಪಡೆದು ಕಟ್ಟಿದ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಬಿಸಿಲಿದ್ದಾಗ ಅದು ಧಾರಾಳವಾಗಿ ಕೊಡುತ್ತದೆ, ಸೂರ್ಯ ಮುಳುಗಿದರೆ ನಿಲ್ಲುತ್ತದೆ. ಹೀಗಾಗಿ ಮೊದಲು ನಡುರಾತ್ರಿ ಅಗ್ಗವಾಗಿದ್ದ ಕರೆಂಟು ಈಗ ನಡುಹಗಲು ಅಗ್ಗವಾಗುತ್ತಿದೆ.

ಇದಕ್ಕೆ ತಕ್ಕಂತೆ ದರವನ್ನೂ ಹೊತ್ತಿಗೊಂದರಂತೆ ಮಾಡಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಹೆಚ್ಚು ಬೇಡಿಕೆಯ ಹೊತ್ತಿನ ದರ ಮನೆ ಮುಂತಾದ ಬಳಕೆದಾರರಿಗೆ ಕನಿಷ್ಠ ಶೇ. 10 ಹೆಚ್ಚು, ವಾಣಿಜ್ಯ ಮತ್ತು ಕೈಗಾರಿಕೆಗೆ ಕನಿಷ್ಠ ಶೇ. 20 ಹೆಚ್ಚು. ಕೃಷಿ ಸಂಪರ್ಕಕ್ಕೆ ಇದು ಅನ್ವಯಿಸುವುದಿಲ್ಲ. ಸ್ಮಾರ್ಟ್ ಮೀಟರ್ ಬಂದ ಕಡೆ ಈ ಪದ್ಧತಿಯೂ ಬರಬೇಕೆಂಬುದು ನಿಯಮ. ನಿಮ್ಮ ಮೀಟರಿಗೆ ಯಾವ ದರವಿದೆ ಎಂಬುದನ್ನು ಬಿಲ್ ನೋಡಿ, ಇಲ್ಲವೇ ಬೆಸ್ಕಾಂ ಶಾಖಾ ಕಚೇರಿಯಲ್ಲಿ ಕೇಳಿ ತಿಳಿಯಿರಿ.

ಈ ಪದ್ಧತಿ ಹೊಸದಲ್ಲ. ಚಳಿ ದೇಶವಾದ ಬ್ರಿಟನ್ನಿನಲ್ಲಿ 1978ರಲ್ಲಿ 'ಎಕಾನಮಿ 7' ಎಂಬ ದರ ಬಂತು. ರಾತ್ರಿ ಏಳು ಗಂಟೆ ಕಾಲ ಕರೆಂಟು ಅಗ್ಗ. ಅಲ್ಲಿಯ ಮನೆಗಳಲ್ಲಿ ಒಳಗೆ ಇಟ್ಟಿಗೆ ತುಂಬಿದ ಹೀಟರುಗಳಿವೆ. ರಾತ್ರಿ ಅಗ್ಗದ ಕರೆಂಟಿನಲ್ಲಿ ಇಟ್ಟಿಗೆ ಕಾಯುತ್ತದೆ, ಹಗಲು ಆ ಶಾಖ ಮನೆಯನ್ನು ಬೆಚ್ಚಗಿಡುತ್ತದೆ. ಆದರೆ ಆ ದರದಲ್ಲಿ ಹಗಲಿನ ಕರೆಂಟು ದುಬಾರಿ. ಹಗಲೇ ಹೆಚ್ಚು ಬಳಸುವವರು ಅಗ್ಗವೆಂದು ಆ ದರಕ್ಕೆ ಬದಲಾಯಿಸಿಕೊಂಡರೆ ಬಿಲ್ಲು ಏರುತ್ತದೆ. ದರ ಬದಲಾದರೆ ಸಾಲದು, ಬಳಸುವ ಹೊತ್ತೂ ಬದಲಾಗಬೇಕು ಎಂಬುದೇ ಇದರ ಪಾಠ.

ನಮ್ಮ ಕಷ್ಟ ಇಲ್ಲಿಯೇ ಇದೆ. ನಾವು ಹಾಲು ಕರೆಯುವುದು ಮುಂಜಾನೆ ಮತ್ತು ಸಂಜೆ. ನಾಡಿಗೆಲ್ಲ ಕರೆಂಟು ಬೇಕಾಗುವುದೂ ಅದೇ ಹೊತ್ತು. ಬಿಲ್ಲಿಗೆ ಹೆದರಿ ಕರೆಯುವ ಹೊತ್ತನ್ನು ಮಾತ್ರ ಬದಲಾಯಿಸಬೇಡಿ. ಹಸುವಿಗೆ ಅದರದೇ ಗಡಿಯಾರವಿದೆ. ಹೊತ್ತು ತಪ್ಪಿದರೆ ಸೊರೆ ಬಿಡುವುದು ಕೆಡುತ್ತದೆ, ಹಾಲು ಇಳಿಯುತ್ತದೆ. ಆದ್ದರಿಂದ ಕೆಲಸಗಳನ್ನು ಎರಡು ಭಾಗ ಮಾಡಿಕೊಳ್ಳಿ: ಕಾಯಲಾರದ ಕೆಲಸ, ಕಾಯಬಲ್ಲ ಕೆಲಸ. ಹಾಲು ಕರೆಯುವುದು ಕಾಯಲಾರದು. ನೀರು ಕಾಯಿಸುವುದು, ನೀರು ತುಂಬುವುದು, ಮೇವು ಕತ್ತರಿಸುವುದು ಕಾಯಬಲ್ಲವು.

ಬಿಸಿನೀರು: 25 ಲೀಟರಿನ ಗೀಸರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯಿಸಲು ಸುಮಾರು 1.2 ಯೂನಿಟ್ ಬೇಕು. ದಿನಕ್ಕೆ ಎರಡು ಸಲವೆಂದರೆ ತಿಂಗಳಿಗೆ ಸುಮಾರು 70 ಯೂನಿಟ್. ಸಂಜೆಯ ನೀರನ್ನು ಮಧ್ಯಾಹ್ನ 3 ಗಂಟೆಗೆ ಕಾಯಿಸಿ ಸ್ವಿಚ್ ಆರಿಸಿದರೆ, ಒಳ್ಳೆಯ ಗೀಸರಿನಲ್ಲಿ ಸಂಜೆ 6ಕ್ಕೂ ಬಿಸಿ ಉಳಿದಿರುತ್ತದೆ. ಇದೇ ನಮ್ಮ ಮನೆಯ ಕಾದ ಇಟ್ಟಿಗೆ. ಗೀಸರ್ ಮೇಲಿನ ನಕ್ಷತ್ರದ ಗುರುತು ಹೇಳುವುದೂ ಇದನ್ನೇ, ಅಂದರೆ ಕಾದ ನೀರಿನ ಶಾಖ ದಿನಕ್ಕೆ ಎಷ್ಟು ಸೋರುತ್ತದೆ ಎಂಬುದನ್ನು. ಸೋಲಾರ್ ವಾಟರ್ ಹೀಟರ್ ಇದ್ದರೆ ಹಗಲಿನ ಬಿಸಿಲು ಮರುದಿನ ಮುಂಜಾನೆಗೂ ಒದಗುತ್ತದೆ. ನಾಲ್ಕೈದು ರಾಸು ಇರುವವರಿಗೆ ಗೋಬರ್ ಗ್ಯಾಸ್ ಇದೆ. ಉಳಿತಾಯವೆಂದು ಬಿಸಿನೀರನ್ನೇ ಬಿಡಬೇಡಿ. ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು ಮತ್ತು ವಾಷಿಂಗ್ ಸೋಡಾದಿಂದ ಉಜ್ಜಿ, ಚೆನ್ನಾಗಿ ತೊಳೆದು ಬೋರಲು ಹಾಕಿ. ಒಂದು ಯೂನಿಟ್ ಉಳಿಸಲು ಹೋಗಿ ಒಂದು ಕ್ಯಾನ್ ಹಾಲು ಒಡೆದರೆ ಲಾಭವೆಲ್ಲಿ?

ಮೇವು: 2 ಎಚ್.ಪಿ. ಯಂತ್ರ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ನಡುಹಗಲು ಕತ್ತರಿಸಿಟ್ಟರೆ ಸಂಜೆಗೂ ಮುಂಜಾನೆಗೂ ಆಗುತ್ತದೆ. ಹಸಿಮೇವನ್ನು ಗುಡ್ಡೆ ಹಾಕಬೇಡಿ, ಒಳಗೇ ಬಿಸಿಯಾಗಿ ಕೆಡುತ್ತದೆ. ನೆರಳಿನಲ್ಲಿ ತೆಳ್ಳಗೆ ಹರಡಿ. ಒಣಹುಲ್ಲನ್ನಾದರೆ ವಾರಕ್ಕಾಗುವಷ್ಟು ಕತ್ತರಿಸಬಹುದು.

ನೀರು: ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಕರೆದ ಕೂಡಲೇ ಅದು ಹೆಚ್ಚು ಕುಡಿಯುತ್ತದೆ. ಆಗ ತೊಟ್ಟಿ ಬರಿದಾಗಿದ್ದರೆ ಮರುದಿನದ ಹಾಲಿನಲ್ಲಿ ತಿಳಿಯುತ್ತದೆ. ಎರಡು ಹಸುವಿದ್ದ ಮನೆಗೆ ಸಾವಿರ ಲೀಟರಿನ ಟ್ಯಾಂಕ್ ಇದ್ದರೆ ಕರೆಂಟು ಕೈಕೊಟ್ಟ ದಿನವೂ ಚಿಂತೆಯಿಲ್ಲ. ಟ್ಯಾಂಕಿಗೆ ನೆರಳು ಮಾಡಿ, ಬಿಸಿಯಾದ ನೀರನ್ನು ಹಸು ಕಡಿಮೆ ಕುಡಿಯುತ್ತದೆ. ತೋಟದ ಬೋರ್‌ವೆಲ್ ಇರುವವರಿಗೆ ಇನ್ನೊಂದು ಮಾತು. ತ್ರೀಫೇಸ್ ರಾತ್ರಿ ಪಾಳಿಯಲ್ಲಿ ಬಂದಾಗ ಎಲ್ಲರ ಆಟೊ ಸ್ಟಾರ್ಟರ್ ಒಟ್ಟಿಗೆ ಮೋಟರು ಎಬ್ಬಿಸಿದರೆ ಟಿಸಿ ಸುಡುತ್ತದೆ. ಕತ್ತಲಲ್ಲಿ ಬರಿಗಾಲಿನಲ್ಲಿ ಗದ್ದೆಗೆ ಹೋಗಬೇಡಿ, ಹಾವಿನ ಭಯವಿದೆ. ಪಂಪ್‌ಸೆಟ್ಟಿನ ಕರೆಂಟನ್ನು ಮನೆಯ ಗೀಸರಿಗೆ ಎಳೆಯಬೇಡಿ. ವಿದ್ಯುತ್ ಕಾಯ್ದೆ 2003ರ 126ನೇ ಕಲಂ ಪ್ರಕಾರ ಅದು ಅನಧಿಕೃತ ಬಳಕೆ.

ಈಗ ಲೆಕ್ಕಕ್ಕೆ ಬರೋಣ. ದಿನಕ್ಕೆ 8 ಯೂನಿಟ್ ಬಳಸುವ ಮನೆ ಎಂದುಕೊಳ್ಳಿ. ಅದರಲ್ಲಿ 4 ಯೂನಿಟ್ ಹೆಚ್ಚು ಬೇಡಿಕೆಯ ಹೊತ್ತಿನದು. ಸಾಮಾನ್ಯ ದರವನ್ನು 100 ಪೈಸೆ ಎಂದಿಟ್ಟುಕೊಂಡರೆ ಖರ್ಚು 800 ಪೈಸೆ. ಹೊತ್ತಿನ ದರ ಬಂದು, ಅಭ್ಯಾಸ ಹಾಗೆಯೇ ಉಳಿದರೆ 840 ಪೈಸೆ. ಮೇವಿನ 1.5 ಮತ್ತು ಸಂಜೆಯ ನೀರಿನ 1.2 ಯೂನಿಟ್ಟನ್ನು ಬಿಸಿಲಿನ ಹೊತ್ತಿಗೆ ಸರಿಸಿದರೆ 759 ಪೈಸೆ. ಯಂತ್ರ ಅದೇ, ಹಸು ಅದೇ, ಕೆಲಸವೂ ಅಷ್ಟೇ.

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಇರುವವರು ಇನ್ನೊಂದು ಲೆಕ್ಕ ನೋಡಬೇಕು. ಅಲ್ಲಿ ಹೊತ್ತಿಗಿಂತ ಯೂನಿಟ್ಟಿನ ಎಣಿಕೆ ಮುಖ್ಯ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗೀಸರಿನ ಆ 70 ಯೂನಿಟ್ ಇಲ್ಲಿ ಭಾರವಾಗುತ್ತದೆ. ಅಂಥವರು ಹೊತ್ತು ಸರಿಸುವುದಕ್ಕಿಂತ ಸೋಲಾರ್ ಇಲ್ಲವೇ ಗೋಬರ್ ಗ್ಯಾಸಿಗೆ ಸರಿಯುವುದು ಮೇಲು.

ದರ ಬದಲಾಯಿಸುವ ಅವಕಾಶ ಬಂದಾಗ ಆತುರಪಡಬೇಡಿ. ಒಂದು ವಾರ ಬೆಳಿಗ್ಗೆ 6, 9, ಸಂಜೆ 6, ರಾತ್ರಿ 10 ಗಂಟೆಗೆ ಮೀಟರ್ ರೀಡಿಂಗ್ ಬರೆದಿಡಿ. ಹಾಲಿನ ಪಾಸ್‌ಬುಕ್ಕಿನ ಹಿಂದಿನ ಪುಟವೇ ಸಾಕು. ಯಾವ ಹೊತ್ತಿಗೆ ಎಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ. ಲೆಕ್ಕ ಹಾಕಲು ಶಾಲೆಗೆ ಹೋಗುವ ಮಕ್ಕಳ ಕೈಗೆ ಕೊಡಿ.

ಕೊನೆಯದಾಗಿ ಪಶುವೈದ್ಯನಾಗಿ ಒಂದು ಎಚ್ಚರಿಕೆ. ನಮಗೆ ಗೊತ್ತೇ ಆಗದ ಕೆಲವೇ ವೋಲ್ಟ್ ಸೋರಿಕೆಯೂ ಒದ್ದೆ ನೆಲದಲ್ಲಿ ನಿಂತ ಹಸುವಿಗೆ ತಟ್ಟುತ್ತದೆ. ಹಸು ತೊಟ್ಟಿಯ ಬಳಿ ಬಂದು ಮೂತಿ ತಾಗಿಸಿ ಹಿಂದೆ ಸರಿದರೆ, ಕರೆಯುವಾಗ ಕಾರಣವಿಲ್ಲದೆ ಕಾಲು ಬಡಿದರೆ, ದೃಷ್ಟಿ ತೆಗೆಯುವ ಮೊದಲು ವೈರಿಂಗ್ ತೋರಿಸಿ. ಕೊಟ್ಟಿಗೆಯಲ್ಲಿ ಬಕೆಟ್ಟಿಗೆ ಹೀಟರ್ ಕಡ್ಡಿ ಇಳಿಬಿಡುವುದನ್ನು ಇಂದೇ ನಿಲ್ಲಿಸಿ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದರ ಖರ್ಚು ಒಂದು ಹಸುವಿನ ಬೆಲೆಯ ಮುಂದೆ ಏನೂ ಅಲ್ಲ, ಮನೆಯವರ ಪ್ರಾಣಕ್ಕಂತೂ ಬೆಲೆ ಕಟ್ಟಲಾಗದು.

ನಿಮ್ಮ ತೊಟ್ಟಿ ತುಂಬಿರಲಿ, ಕ್ಯಾನು ಶುಚಿಯಾಗಿರಲಿ, ಬಿಲ್ಲು ಹಗುರವಾಗಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.