ಜೀತದಾಳಿನ ಮನೆ

ನ್ಯೂಯಾರ್ಕ್ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಮುಗಿಲು ಮುಟ್ಟುವ ಕಟ್ಟಡಗಳು. ಆ ನಗರದ ಅತಿ ಹಳೆಯ ಮನೆಯಾದರೋ ಬ್ರೂಕ್ಲಿನ್ನಿನಲ್ಲಿರುವ, ತಗ್ಗು ಸೂರಿನ, ಮರದ ಹಲಗೆ ಹೊದಿಸಿದ ಒಬ್ಬ ರೈತನ ಮನೆ. ಅದರ ಮೂಲ ಭಾಗ ಸುಮಾರು 1652ರದು.

ಅಲ್ಲಿ ಬಾಳಿದ ಪೀಟರ್ ಕ್ಲಾಸೆನ್ 1637ರಲ್ಲಿ ಹಡಗಿನಿಂದಿಳಿದಾಗ ಕರಾರಿಗೆ ಕಟ್ಟುಬಿದ್ದ ಜೀತದಾಳು. ಆಲ್ಬನಿಯ ಬಳಿಯ ಡಚ್ ಜಮೀನಿನಲ್ಲಿ ಆರು ವರ್ಷ ದುಡಿದು ಬಿಡುಗಡೆ ಪಡೆದ. ಗ್ರೀಟ್ಯೆಯನ್ನು ಮದುವೆಯಾಗಿ ಹನ್ನೊಂದು ಮಕ್ಕಳ ತಂದೆಯಾದ. ಆಗಿನ್ನೂ ಅವನಿಗೆ ಮನೆತನದ ಹೆಸರೇ ಇರಲಿಲ್ಲ. ಕ್ಲಾಸೆನ್ ಎಂದರೆ ಕ್ಲಾಸನ ಮಗ, ಅಷ್ಟೆ. ವೈಕಾಫ್ ಎಂಬುದು ಸೇರಿದ್ದು ಇಂಗ್ಲಿಷರ ಆಳ್ವಿಕೆ ಬಂದ ಮೇಲೆ.

ಜೀತದಾಳು ಜಮೀನ್ದಾರನಾದ ಕಥೆಯೆಂದು ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತಾದೀತು. ಆ ನೆಲ ಮೊದಲು ಲೆನಾಪೆ ಮೂಲನಿವಾಸಿಗಳದು. ಅದನ್ನು ಉತ್ತು ಬಿತ್ತಿದವರಲ್ಲಿ ವೈಕಾಫರು ಇಟ್ಟುಕೊಂಡಿದ್ದ ಆಫ್ರಿಕಾ ಮೂಲದ ಗುಲಾಮರೂ ಇದ್ದರು. ಪೀಟರನ ಕರಾರಿಗೆ ಒಂದು ಅವಧಿಯಿತ್ತು, ಇವರಿಗೆ ಅದೂ ಇರಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ.

ಮನೆತನದವರು 1901ರವರೆಗೆ ಅಲ್ಲೇ ಇದ್ದರು. ಹೊಲಗಳನ್ನು ನಗರ ನುಂಗಿತು. 1965ರಲ್ಲಿ ನ್ಯೂಯಾರ್ಕ್ ನಗರ ಸಂರಕ್ಷಿತ ಕಟ್ಟಡಗಳನ್ನು ಗುರುತಿಸತೊಡಗಿದಾಗ ಮೊದಲ ಹೆಸರು ಇದರದೇ. ಮನೆಯನ್ನು ವಂಶಜರ ಪ್ರತಿಷ್ಠಾನವೇ ಕೊಂಡು ನಗರಕ್ಕೆ ಒಪ್ಪಿಸಿತು. 1982ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಉಳಿದ ತುಂಡು ನೆಲದಲ್ಲಿ ಮತ್ತೆ ತರಕಾರಿ ಬೆಳೆಯುತ್ತಿದ್ದಾರೆ.