ಹಳೆಯ ಯಂತ್ರ, ಹಳೆಯ ಕಾಗದ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಸಾಚಾ ಖಾತೆಯಲ್ಲಿ ದುಡಿದ ಹಿರಿಯರೊಬ್ಬರು ಮೊನ್ನೆ ತಗಡಿನ ಪೆಟ್ಟಿಗೆ ಹೊತ್ತು ನಮ್ಮ ಕಚೇರಿಗೆ ಬಂದರು. ಒಳಗೆ ಟಿಕೆಟ್ ನಂಬರಿನ ಪುಸ್ತಕ, ಇ.ಎಸ್.ಐ. ಕಾರ್ಡು, ಪ್ರಾವಿಡೆಂಟ್ ಫಂಡಿನ ಚೀಟಿಗಳು. ಮ್ಹಾಡಾದ ಮನೆ ಬೇಕೆಂದರೆ ಗಿರಣಿ ಕಾರ್ಮಿಕನು 1982ರ ಜನವರಿ 1ರಂದು ಅಥವಾ ಆಮೇಲೆ ಕೆಲಸದಲ್ಲಿದ್ದನೆಂದು ತೋರಿಸಬೇಕು. ಅವನಿಲ್ಲದಿದ್ದರೆ ವಾರಸುದಾರರು ತೋರಿಸಬೇಕು. ಗಿರಣಿ ಹೋಯಿತು, ಭೋಂಗಾ ನಿಂತಿತು, ಉಳಿದದ್ದು ಈ ಕಾಗದ. ಅದೂ ಮಡಿಕೆಯಲ್ಲಿ ಹರಿಯುತ್ತಿದೆ. ಮೊಬೈಲಿನಲ್ಲಿ ಫೋಟೋ ತೆಗೆದೆವು. ನಮ್ಮ ಕೈಯ ನೆರಳೇ ಅಕ್ಷರದ ಮೇಲೆ ಬಿತ್ತು.

ಕಚೇರಿಯ ಮೂಲೆಯಲ್ಲಿ ಯಾರೋ ಕೊಟ್ಟ ಸ್ಕ್ಯಾನರು ಇತ್ತು, ಕ್ಯಾನನ್ ಲೈಡ್ 25. ಅಂಗಡಿಯವನನ್ನು ಕೇಳಿದರೆ, "ಹೊಸ ಕಂಪ್ಯೂಟರಿಗೆ ಇದು ಹತ್ತದು, ಭಂಗಾರಕ್ಕೆ ಹಾಕಿರಿ" ಎಂದ. ಮುಂಬಯಿಯ ಭಂಗಾರ ನಮ್ಮೂರಿನ ಬಂಗಾರವಲ್ಲವೆಂದು ಬಲ್ಲ ನಾವು ಅದನ್ನು ಹಾಗೆಯೇ ಹಿಂದಕ್ಕೆ ತಂದೆವು.

ನಮ್ಮ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ್ದು; ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಸ್ಕ್ಯಾನರುಗಳಿಗೆಂದು ಅದರಲ್ಲಿ 'ಸೇನ್' ಎಂಬ ವ್ಯವಸ್ಥೆಯಿದೆ. ಒಂದೊಂದು ಬಗೆಯ ಯಂತ್ರಕ್ಕೆ ಒಂದೊಂದು ಚಾಲಕ. ನಮ್ಮದಕ್ಕೆ 'ಪ್ಲಸ್‌ಟೆಕ್' ಎಂಬುದು. ಯಾವ ಯಂತ್ರ ನಡೆಯುತ್ತದೆ, ಯಾವುದು ನಡೆಯದು ಎಂಬ ಪಟ್ಟಿಯನ್ನು ಅವರೇ ಕೊಟ್ಟಿದ್ದಾರೆ. ಹಳೆಯ ಯಂತ್ರಕ್ಕೆ ಕಾಸು ಬಿಚ್ಚುವ ಮೊದಲು ಆ ಪಟ್ಟಿ ನೋಡಿರಿ. ಕೆಲವು ಯಂತ್ರಗಳಿಗೆ ಅವುಗಳ ಸಿ.ಡಿ.ಯಲ್ಲಿದ್ದ ಫರ್ಮ್‌ವೇರ್ ಕಡತವೂ ಬೇಕಾಗುತ್ತದೆ, ನಮ್ಮದಕ್ಕೆ ಬೇಕಾಗಲಿಲ್ಲ.

ಮೊದಲ ಸಂಜೆ ಏನೂ ನಡೆಯಲಿಲ್ಲ. ಈ ಯಂತ್ರಕ್ಕೆ ಬೇರೆ ಕರೆಂಟಿನ ತಂತಿಯಿಲ್ಲ, ಯು.ಎಸ್.ಬಿ. ತಂತಿಯಿಂದಲೇ ಬಲ. ನಾವೋ, ನಾಲ್ಕು ಬಾಯಿಯ ಅಗ್ಗದ ಹಬ್ಬಿಗೆ ಚುಚ್ಚಿದ್ದೆವು! ಕಂಪ್ಯೂಟರಿಗೇ ನೇರ ಚುಚ್ಚಿ 'ಎಲ್‌ಎಸ್‌ಯುಎಸ್‌ಬಿ' ಎಂದು ಬರೆದಾಗ ಪಟ್ಟಿಯಲ್ಲಿ ಕ್ಯಾನನ್ ಹೆಸರು ಬಂತು. ಆದರೆ ಸ್ಕ್ಯಾನರನ್ನು ಹುಡುಕುವ 'ಸ್ಕ್ಯಾನ್‌ಇಮೇಜ್' ಆಜ್ಞೆಗೆ ಏನೂ ಸಿಕ್ಕಲಿಲ್ಲ. ಅದನ್ನೇ ಯಜಮಾನನ ಅಧಿಕಾರದಿಂದ ಕೊಟ್ಟರೆ ಸಿಕ್ಕಿತು! ಮಾಲೀಕ ಕೂಗಿದರೆ ಓಗೊಡುವ, ಸಪ್ಲಾಯರ್ ಕೂಗಿದರೆ ಕಿವುಡಾಗುವ ಭಟ್ಟರನ್ನು ನಾವೆಲ್ಲ ಕಂಡವರೇ. ತೊಂದರೆ ಅಪ್ಪಣೆಯದು. ನಮ್ಮ ಹೆಸರನ್ನು 'ಸ್ಕ್ಯಾನರ್' ಗುಂಪಿಗೆ ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಒಳಹೋದ ಮೇಲೆ ನಮಗೂ ಓಗೊಟ್ಟಿತು.

ಆಮೇಲೆ ಕಟಕಟ ಸದ್ದು, ದೀಪ ಮುಂದಕ್ಕೆ ಸರಿಯದು. ಯಂತ್ರ ಸತ್ತಿತೆಂದು ಒಬ್ಬರು, ಲಿನಕ್ಸ್ ಸರಿಯಿಲ್ಲವೆಂದು ಇನ್ನೊಬ್ಬರು. ಕುಣಿಯಲಾರದವಳು ನೆಲ ಡೊಂಕೆಂದ ಹಾಗಾಯಿತು. ಬುಡಮೇಲು ಮಾಡಿ ನೋಡಿದರೆ ಸಾಗಣೆಯ ಕಾಲಕ್ಕೆ ಹಾಕುವ ಚಿಕ್ಕ ಬೀಗ, ಹಾಕಿದ್ದು ಹಾಕಿದಂತೆಯೇ ಇದೆ.

ಬೀಗ ಸರಿಸಿದೆವು. ಇಂಚಿಗೆ 300 ಚುಕ್ಕೆಯಂತೆ, ಬೂದು ಬಣ್ಣದಲ್ಲಿ, ಹಿರಿಯರ ಟಿಕೆಟ್ ಪುಸ್ತಕದ ಪುಟ ತೆರೆಯ ಮೇಲೆ ಮೂಡಿತು. ಅವರು ಕನ್ನಡಕ ಒರೆಸಿಕೊಂಡು ತಮ್ಮ ನಂಬರನ್ನು ತಾವೇ ಗಟ್ಟಿಯಾಗಿ ಓದಿದರು.

ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ, ಹೋಟೆಲಿನವರಿಗೆ ಬಿಡುವಿರುವ ಹೊತ್ತಿಗೆ, ನಿಮ್ಮ ಕಾಗದಗಳನ್ನು ತನ್ನಿರಿ. ಪಿನ್ನು ಬಿಚ್ಚಿ ತನ್ನಿರಿ, ಗಾಜು ಗೀರುತ್ತದೆ. ಅಂಟು ಪಟ್ಟಿ ಹಚ್ಚಬೇಡಿರಿ. ಮೂಲ ಕಾಗದ ನಿಮ್ಮ ಕೈಗೇ ಹಿಂತಿರುಗುತ್ತದೆ. ನಕಲು ಒಂದು ನಿಮಗೆ, ನೀವು ಒಪ್ಪಿದರೆ ಇನ್ನೊಂದು ಸಂಘದಲ್ಲಿ.