ದೊಡ್ಡವರಿಗಾಗಿ ಕಾಯದ ಒಪ್ಪಂದ



ಯಮನ್‌ನಿಂದ ಮಕ್ಕಾಕ್ಕೆ ಬಂದ ವ್ಯಾಪಾರಿಯೊಬ್ಬನ ಸರಕನ್ನು ಅಲ್ಲಿನ ಪ್ರಬಲನೊಬ್ಬ ಕೊಂಡು, ಹಣ ಕೊಡಲಿಲ್ಲ. ಆಗ ಕೆಲವು ಗೋತ್ರಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಒಂದಾಗಿ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಅದೇ ಹಿಲ್ಫುಲ್ ಫುಝೂಲ್. ಪ್ರವಾದಿ ಮುಹಮ್ಮದ್(ಸ)ರು ಪ್ರವಾದಿತ್ವಕ್ಕೆ ಮುಂಚೆಯೇ ಅದರಲ್ಲಿ ಪಾಲ್ಗೊಂಡಿದ್ದರು. ನಂತರವೂ ಅದನ್ನು ಮೆಚ್ಚಿ ಸ್ಮರಿಸಿದರು.

ದೇಶಗಳ ನಡುವೆಯೂ ಇಂಥ ಒಪ್ಪಂದ ಸಾಧ್ಯವೇ? ನೆಲಬಾಂಬ್ ನಿಷೇಧದ ಕಥೆಯನ್ನು ನೋಡೋಣ. ಯುದ್ಧ ಮುಗಿದರೂ ನೆಲಬಾಂಬ್ ಮಣ್ಣಿನಲ್ಲಿ ಕಾದಿರುತ್ತದೆ. ಸೈನಿಕನ ಕಾಲು, ಸೌದೆ ತರಲು ಹೋದ ತಾಯಿಯ ಕಾಲು ಎಂಬ ಭೇದ ಅದಕ್ಕಿಲ್ಲ.

ಎಲ್ಲ ದೇಶಗಳೂ ಒಪ್ಪಲಿ ಎಂದು ಕಾದಾಗ ಪೂರ್ಣ ನಿಷೇಧ ಕೈಗೂಡಲಿಲ್ಲ. 1996ರ ಅಕ್ಟೋಬರ್‌ನಲ್ಲಿ ಕೆನಡಾದ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ, ಮುಂದಿನ ವರ್ಷವೇ ಸಹಿ ಹಾಕಲು ಒಟ್ಟಾವಾಕ್ಕೆ ಬನ್ನಿ ಎಂದು ಕರೆದರು. ಆಸ್ಟ್ರಿಯಾ ಕರಡು ಬರೆಯಿತು. ಬೆಲ್ಜಿಯಂ ಸಭೆ ನಡೆಸಿತು. ಅಂತಿಮ ಮಾತುಕತೆಗೆ ನಾರ್ವೆ ಓಸ್ಲೋದಲ್ಲಿ ಜಾಗ ಕೊಟ್ಟಿತು, ದಕ್ಷಿಣ ಆಫ್ರಿಕಾದ ಪ್ರತಿನಿಧಿ ಅಧ್ಯಕ್ಷತೆ ವಹಿಸಿದರು. 1997ರ ಡಿಸೆಂಬರ್‌ನಲ್ಲಿ 122 ದೇಶಗಳು ಸಹಿ ಹಾಕಿದವು.

ಅಮೆರಿಕ, ರಷ್ಯಾ, ಚೀನಾ ಸೇರಲಿಲ್ಲ. ನಮ್ಮ ಭಾರತವೂ, ಪಾಕಿಸ್ತಾನವೂ ಸೇರಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ತಮ್ಮಲ್ಲಿ ಗುರುತಿಸಲಾದ ನೆಲಬಾಂಬ್ ಪ್ರದೇಶಗಳನ್ನೆಲ್ಲ ತೆರವುಗೊಳಿಸಿದ್ದೇವೆಂದು ಜೋರ್ಡಾನ್ 2012ರಲ್ಲಿ, ಮೊಝಾಂಬಿಕ್ 2015ರಲ್ಲಿ ಘೋಷಿಸಿದವು. ಅಲ್ಲಿ ಜನರು ಮತ್ತೆ ನಿರ್ಭಯವಾಗಿ ಹೊಲಕ್ಕೆ ಕಾಲಿಡುವಂತಾಯಿತು.

ಈಗ ಆ ಒಪ್ಪಂದಕ್ಕೇ ಪರೀಕ್ಷೆ ಬಂದಿದೆ. ಉಕ್ರೇನ್ ಯುದ್ಧದ ನಂತರ ರಷ್ಯಾದ ಭಯದಿಂದ ಫಿನ್‌ಲ್ಯಾಂಡ್, ಪೋಲೆಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ 2025ರಲ್ಲಿ ಹೊರನಡೆಯಲು ತೀರ್ಮಾನಿಸಿದವು. ಅವರ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇಂಥ ಒಪ್ಪಂದವನ್ನು ಕಾಯಲು ಸೈನ್ಯವಿಲ್ಲ. ಕೊಟ್ಟ ಮಾತೇ ಅದರ ಬಲ. ಒಬ್ಬರು ಮಾತು ಬಿಟ್ಟರೆ ಮುಂದಿನವರಿಗೆ ಬಿಡುವುದು ಇನ್ನಷ್ಟು ಸುಲಭ. ಸುಖದ ದಿನದಲ್ಲಿ ಸಹಿ ಹಾಕಿದವರು ಕಷ್ಟದ ದಿನದಲ್ಲೂ ಉಳಿಯಬೇಕಾದರೆ, ಭಯದಲ್ಲಿರುವವರನ್ನು ಉಳಿದವರು ಒಂಟಿಯಾಗಿ ಬಿಡಬಾರದು.

ಸಹೋದರರೇ, ಇದು ನಮ್ಮ ಮೊಹಲ್ಲಾಕ್ಕೂ ಅನ್ವಯಿಸುತ್ತದೆ. ಸಿರಿವಂತರು ಮುಂದೆ ಬರಲಿ, ನಾಯಕರು ಹೇಳಲಿ ಎಂದು ನಾವು ಕಾಯುತ್ತೇವೆ. ಒಬ್ಬರು ಕರೆಯಲಿ, ಒಬ್ಬರು ಬರೆಯಲಿ, ಒಬ್ಬರು ಜಾಗ ಕೊಡಲಿ. ಅನ್ಯಾಯಕ್ಕೊಳಗಾದವನು ಯಾವ ಜಾತಿ, ಯಾವ ಧರ್ಮದವನೆಂದು ಕೇಳದಿರೋಣ. ಅಲ್ಲಾಹನು ನಮಗೆ ಒಳಿತಿನಲ್ಲಿ ಒಂದಾಗುವ, ಕೊಟ್ಟ ಮಾತಿನಲ್ಲಿ ನಿಲ್ಲುವ ತೌಫೀಕ್ ನೀಡಲಿ. ಆಮೀನ್.